ನಿಸ್ತಂತು ಧ್ವನಿಗ್ರಹಣದಲ್ಲಿ ಪಾಠಲೋಪವೂ ಅದರ ಪರಿಹಾರವೂ

೧. ವಿಷಯಪ್ರವೇಶ

ಪ್ರಾಚೀನ ಗ್ರಂಥಗಳ ಪಾಠವನ್ನು ನಿರ್ಣಯಿಸುವವರಿಗೆ ಲಿಪಿಕಾರರ ದೋಷಗಳು ಚಿರಪರಿಚಿತವಾಗಿವೆ. ಓಲೆಯು ಮುರಿದಲ್ಲಿ ಅಕ್ಷರಗಳು ತ್ರುಟಿತವಾಗುವವು. ಹುಳು ತಿಂದಲ್ಲಿ ಪದವು ಲೋಪಿಸುವದು. ಬರೆಯುವವನ ಕಣ್ಣು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಜಾರಿದಲ್ಲಿ ನಡುವಿನ ಭಾಗವೇ ಬಿಟ್ಟುಹೋಗುವದು. ಆದರೆ ಈಗ ಪಾಠವು ಓಲೆಯಿಂದ ಮಾತ್ರವೇ ನಮಗೆ ಬರುವದಿಲ್ಲ. ಹಾಡುವವನ ಬಾಯಿಂದ ಹೊರಟು, ಅವನ ಎದೆಗೆ ಸಿಕ್ಕಿಸಿದ ಮೈಕನ್ನು ಹೊಕ್ಕು, ರೇಡಿಯೋ ಅಲೆಯಾಗಿ ಬಯಲನ್ನು ದಾಟಿ, ಸಂಗ್ರಾಹಕನ ಹೆಗಲಿನ ಚೀಲದಲ್ಲಿಯ ಯಂತ್ರವನ್ನು ಸೇರಿ, ಅಲ್ಲಿ ಅಂಕಿಗಳ ರೂಪದಿಂದ ನೆಲೆಗೊಳ್ಳುವ ಪಾಠವೂ ಉಂಟು. ಈ ಹಾದಿಯಲ್ಲಿಯೂ ತ್ರುಟಿ, ಲೋಪ, ಪ್ರಕ್ಷೇಪಗಳು ಸಂಭವಿಸುವವು. ಇವುಗಳ ಲಿಪಿಕಾರನು ಯಾರು, ಅವನ ಕೈತಪ್ಪನ್ನು ತಡೆಯುವ ಬಗೆ ಯಾವದು ಎಂಬುದನ್ನು ವಿಚಾರಮಾಡುವದೇ ಈ ಲೇಖನದ ಉದ್ದೇಶವು.

ವಿಜಯಪುರದ ಸೀಮೆಗೆ ಈ ವಿಚಾರವು ವಿಶೇಷವಾಗಿ ಸಲ್ಲತಕ್ಕದ್ದು. ಫ. ಗು. ಹಳಕಟ್ಟಿಯವರು ವಕೀಲಿಯನ್ನು ನಡೆಸುತ್ತಲೇ ಮನೆಮನೆಗಳಿಂದ ವಚನಗಳ ತಾಡವೋಲೆಗಳನ್ನು ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರಡಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಪ್ರಕಟವಾದವು. ಆ ಮಹನೀಯರ ಸಾಧನವು ಕಿವಿ ಮತ್ತು ಕಾಗದ ಇವೆರಡೇ ಆಗಿತ್ತು. ಕೇಳಿದ್ದು ತಿಳಿಯದಿದ್ದರೆ ಹಾಡಿದವಳನ್ನೇ ಮರಳಿ ಕೇಳುವ ಅನುಕೂಲವು ಅವರಿಗಿದ್ದಿತು. ಯಂತ್ರದಿಂದ ಸಂಗ್ರಹಿಸುವ ನಾವು ಆ ಹೊತ್ತಿನಲ್ಲಿ ಯಂತ್ರವು ಕೇಳಿಸಿಕೊಂಡಿದೆಯೆಂದು ನಂಬಿ ಮನೆಗೆ ಬಂದುಬಿಡುವೆವು. ನಂಬಿಕೆಯು ಸುಳ್ಳಾದುದು ಗೊತ್ತಾಗುವಾಗ ಹಾಡಿದವರು ಊರಲ್ಲಿರುವದಿಲ್ಲ. ಕೆಲವೊಮ್ಮೆ ಲೋಕದಲ್ಲಿಯೇ ಇರುವದಿಲ್ಲ.

ಈ ಲೇಖಕನ ಅನುಭವವೊಂದನ್ನು ಇಲ್ಲಿ ಹೇಳುವದು ಅಪ್ರಸ್ತುತವಾಗಲಾರದು. ಬಬಲೇಶ್ವರ ತಾಲೂಕಿನ ಒಂದು ಹಳ್ಳಿಯಲ್ಲಿ ಗೀಗೀ ಮೇಳದವರ ಹಾಡನ್ನು ನಿಸ್ತಂತು ಮೈಕುಗಳಿಂದ ಮುದ್ರಿಸಿಕೊಂಡೆವು. ಮನೆಗೆ ಬಂದು ಬರೆದುಕೊಳ್ಳಲು ಕುಳಿತಾಗ ಕಥೆಯ ಸಂಧಿಸ್ಥಾನದಲ್ಲಿ ಒಂದು ಪದದ ಎರಡನೆಯ ಅಕ್ಷರದ ಮೇಲೆ ಚರಚರ ಸದ್ದು ಬಿದ್ದಿತ್ತು. ಮೊದಲನೆಯ ಅಕ್ಷರವು 'ಹೊ' ಎಂದು ಸ್ಪಷ್ಟವಾಗಿದೆ. ಮುಂದಿನದು 'ಲ'ವೋ 'ಳಿ'ಯೋ ತಿಳಿಯದು. ಕಥಾನಾಯಕನು ಹೊಲವನ್ನು ದಾಟಿದನೋ ಹೊಳೆಯನ್ನು ದಾಟಿದನೋ ಎಂಬುದು ಅನಿಶ್ಚಿತವಾಯಿತು. ಅರ್ಥವು ಎರಡರಿಂದಲೂ ಹೊಂದುವದು, ಮಾತ್ರೆಯೂ ಹೊಂದುವದು. ಮುಂದೊಂದು ದಿನ ಹಾಡಿದ ಹಿರಿಯನನ್ನೇ ಕೇಳಲಾಗಿ, "ಎರಡೂ ಹಾಡತೀವ್ರಿ, ಆ ಹೊತ್ತಿನ್ಯಾಗ ಬಾಯಿಗಿ ಯಾವ್ದು ಬಂತೋ ಅದ" ಎಂದು ಹೇಳಿ ನಕ್ಕನು. ಅಂದಿನ ಹಾಡಿಗೆ ಅಂದಿನ ಧ್ವನಿಯೊಂದೇ ಸಾಕ್ಷಿ. ಹಾಡಿದವನೂ ಆಮೇಲೆ ಸಾಕ್ಷಿಯಾಗಲಾರನು. ಆದುದರಿಂದ ಈ ದೋಷವು ಯಂತ್ರಕರ್ಮಿಗಳಿಗೆ ಬಿಟ್ಟುಕೊಡತಕ್ಕ ಸಣ್ಣ ವಿಷಯವಲ್ಲ. ಪಾಠಶೋಧನೆಯ ಮೊದಲನೆಯ ಮೆಟ್ಟಲೇ ಆಗಿದೆ. ಈ ದೋಷದ ಬಹುಭಾಗವು ಹೊರಗಿನಿಂದ ಬರುವದಿಲ್ಲ, ನಮ್ಮ ಚೀಲದೊಳಗಿನಿಂದಲೇ ಹುಟ್ಟುವದು ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆಯು.

೨. ಚೀಲವೂ ಅದರ ಸಾಮಗ್ರಿಯೂ

ಕ್ಷೇತ್ರಕಾರ್ಯಕ್ಕೆ ಹೋಗುವವರು ಹೆಗಲಿಗೆ ಹಾಕಿಕೊಳ್ಳುವ ಧ್ವನಿಚೀಲದಲ್ಲಿ ಸಾಮಾನ್ಯವಾಗಿ ಇರತಕ್ಕ ವಸ್ತುಗಳು ಇವು: ಧ್ವನಿಯನ್ನು ಬರೆದಿಡುವ ರೆಕಾರ್ಡರು, ಹಾಡುವವರ ಸೊಂಟದಲ್ಲಿರುವ ಟ್ರಾನ್ಸ್‌ಮಿಟರುಗಳಿಂದ ಅಲೆಗಳನ್ನು ಹಿಡಿಯುವ ಎರಡು, ಮೂರು ಅಥವಾ ನಾಲ್ಕು ರಿಸೀವರುಗಳು, ಕೂಡಿಸಿದ ಧ್ವನಿಯನ್ನು ಕ್ಯಾಮರಾಕ್ಕೋ ಜೊತೆಗಾರನ ಕಿವಿಗೋ ಮರಳಿ ಕಳಿಸುವ ಇನ್ನೊಂದು ಟ್ರಾನ್ಸ್‌ಮಿಟರು, ಇವೆಲ್ಲಕ್ಕೂ ವಿದ್ಯುತ್ತನ್ನು ಹಂಚುವ ಬ್ಯಾಟರಿ, ಇವುಗಳ ಸಂಗಡ ಹೊತ್ತವನ ಮೊಬೈಲು. ಇವುಗಳಿಗೆ ಸಂಸ್ಕೃತದಿಂದ ಹೊಸ ಹೆಸರುಗಳನ್ನು ಕಟ್ಟುವದು ಕಠಿಣವಲ್ಲ. ಆದರೆ ಕೆಲಸಗಾರರ ಬಾಯಲ್ಲಿರುವ ಹೆಸರುಗಳನ್ನು ಬಿಟ್ಟರೆ ವಾಚಕರಿಗೆ ಅಂಗಡಿಯಲ್ಲಿಯೂ ಹೊಲದಲ್ಲಿಯೂ ಉಪಯೋಗವಾಗದು. ಆದ್ದರಿಂದ ರೂಢಿಯ ಶಬ್ದಗಳನ್ನೇ ಇಟ್ಟುಕೊಂಡಿದ್ದೇನೆ.

ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯವು ಹುಟ್ಟುವದೆಂದು ವರ್ಣಿಸಿರುವನು. ತಾರ್ಕಿಕರು ಶಬ್ದವನ್ನು ಆಕಾಶದ ಗುಣವೆಂದೆಣಿಸಿ, ಅದು ನೀರಿನ ಅಲೆಯಂತೆ ಒಂದರಿಂದೊಂದಾಗಿ ಹರಿಯುವದೆಂದೂ, ಕದಂಬದ ಹೂವಿನಂತೆ ಎಲ್ಲ ದಿಕ್ಕುಗಳಿಗೂ ಒಮ್ಮೆಲೆ ಹಬ್ಬುವದೆಂದೂ ಎರಡು ನ್ಯಾಯಗಳನ್ನು ಹೇಳಿರುವರು. ಈ ದೃಷ್ಟಾಂತಗಳು ನಮ್ಮ ವಿಷಯವನ್ನು ತಿಳಿಯಲು ಸಹಾಯಕವಾಗಿವೆ. ಆದರೆ ಇವುಗಳಿಂದ ರೇಡಿಯೋ ವಿದ್ಯೆಯು ಪೂರ್ವಿಕರಿಗೆ ತಿಳಿದಿತ್ತೆಂದು ಸಾಧಿಸಹೊರಡುವದು ಯುಕ್ತವಲ್ಲ. ಬಾಯಿಂದ ಹೊರಟ ಧ್ವನಿಯು ಗಾಳಿಯ ಕಂಪನವು. ಅದರ ವೇಗವು ಸೆಕೆಂಡಿಗೆ ಸುಮಾರು ೩೪೦ ಮೀಟರು. ಆಂಟೆನಾದಿಂದ ಹೊರಟ ಅಲೆಯು ವಿದ್ಯುತ್ಕಾಂತೀಯವಾದುದು. ಅದರ ವೇಗವು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು. ಧ್ವನಿಯು ಆ ಅಲೆಯ ಮೇಲೆ ಕುಳಿತು ಪಯಣಿಸುವದೇ ಹೊರತು ಅದೇ ಆ ಅಲೆಯಲ್ಲ.

ಒಂದು ಸೆಕೆಂಡಿನಲ್ಲಿ ಅಲೆಯು ಎಷ್ಟು ಸಾರೆ ಕಂಪಿಸುವದೋ ಅದು ಅದರ ಕಂಪನಾಂಕವು. ಹತ್ತು ಲಕ್ಷ ಕಂಪನಗಳಿಗೆ ಒಂದು ಮೆಗಾಹರ್ಟ್ಸ್ ಎಂದು ಹೆಸರು. ೫೦೦ ಮೆಗಾಹರ್ಟ್ಸಿನ ಅಲೆಯ ಉದ್ದವು ೬೦ ಸೆಂಟಿಮೀಟರು. ಅದನ್ನು ಹಿಡಿಯುವ ಚಿಕ್ಕ ಆಂಟೆನಾ ಅದರ ಕಾಲುಭಾಗ, ಅಂದರೆ ಸುಮಾರು ೧೫ ಸೆಂಟಿಮೀಟರು ಇರುವದು. ಈ ಎರಡು ಅಳತೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವು ಸುಗಮವಾಗುವದು.

೩. ಅಗ್ರಹಣಕ್ಕೆ ಎಂಟು ಕಾರಣಗಳು

ಇರುವ ವಸ್ತುವು ಕಾಣದೆ ಹೋಗುವದಕ್ಕೆ ಈಶ್ವರಕೃಷ್ಣನು ಸಾಂಖ್ಯಕಾರಿಕೆಯ ಏಳನೆಯ ಕಾರಿಕೆಯಲ್ಲಿ ಎಂಟು ಕಾರಣಗಳನ್ನು ಹೇಳಿರುವನು. ಅವನ ಪ್ರಯೋಜನವು ಬೇರೆ. ಪ್ರಕೃತಿಯು ಕಾಣದಿದ್ದರೂ ಇದೆಯೆಂದು ಸ್ಥಾಪಿಸುವದು ಅವನ ಗುರಿ. ಆದರೂ ಆ ಪಟ್ಟಿಯು ರಿಸೀವರಿನ ಕಿವುಡುತನಕ್ಕೆ ಆಶ್ಚರ್ಯಕರವಾಗಿ ಹೊಂದುವದು.

ಅತಿದೂರವು ಮೊದಲನೆಯದು: ಆಕಾಶದಲ್ಲಿ ಬಹಳ ಎತ್ತರಕ್ಕೇರಿದ ಹಕ್ಕಿಯು ಕಾಣದಂತೆ, ಹಾಡುವವನು ದೂರ ಹೋದರೆ ಅವನ ಅಲೆಯು ಸಿಗದು. ಇಂದ್ರಿಯಘಾತವೆಂದರೆ ಇಲ್ಲಿ ಆಂಟೆನಾದ ಕೇಡು. ಮುರಿದ ತಂತಿ, ಸಡಿಲಾದ ತಿರುಪು, ಬೇರೆ ಪಟ್ಟಿಯ ಆಂಟೆನಾವನ್ನು ಈ ಪಟ್ಟಿಯ ಯಂತ್ರಕ್ಕೆ ಹಾಕುವದು. ಮನಸ್ಸಿನ ಅನವಸ್ಥೆಯು ಹೊತ್ತವನ ಅಲಕ್ಷ್ಯ. ಹಾಡಿನ ರಸದಲ್ಲಿ ಮುಳುಗಿ ಕಿವಿಯಂತ್ರವನ್ನು ತೆಗೆದಿಟ್ಟವನಿಗೆ ದೋಷವು ತಿಳಿಯದು. ಸೂಕ್ಷ್ಮತೆಯು ಇಳಿದ ಬ್ಯಾಟರಿಯಿಂದಲೂ ಕಡಿಮೆ ಶಕ್ತಿಯಿಂದಲೂ ಆಗುವದು. ವ್ಯವಧಾನವು ನಡುವಿನ ಅಡ್ಡ. ಮನುಷ್ಯಶರೀರವು ಬಹುಮಟ್ಟಿಗೆ ನೀರಾದುದರಿಂದ ಈ ಅಲೆಗಳನ್ನು ಹೀರಿಕೊಳ್ಳುವದು. ಹಾಡುವವನು ಬೆನ್ನು ತಿರುಗಿಸಿದರೂ, ಚೀಲ ಹೊತ್ತವನು ಬೆನ್ನು ತಿರುಗಿಸಿದರೂ ಅಡ್ಡವು ಸಮಾನವೇ.

ಈ ಐದು ಕಾರಣಗಳನ್ನು ಎಲ್ಲರೂ ಸಹಜವಾಗಿಯೇ ಊಹಿಸುವರು, ಪರಿಹಾರವೂ ಸ್ಪಷ್ಟವಾಗಿದೆ. ಉಳಿದ ಮೂರು, ಅಂದರೆ ಅತಿಸಾಮೀಪ್ಯ, ಅಭಿಭವ, ಸಮಾನಾಭಿಹಾರ ಎಂಬಿವು ಚೀಲದ ವಿಶೇಷ ದೋಷಗಳು. ಇವುಗಳನ್ನು ಊಹಿಸುವವರು ಕಡಿಮೆ. ಆದುದರಿಂದ ಅವುಗಳನ್ನೇ ವಿಸ್ತರಿಸುವೆನು.

೪. ಅತಿಸಾಮೀಪ್ಯವೂ ಅಭಿಭವವೂ

ಕಣ್ಣಿಗೆ ಹಚ್ಚಿದ ಕಾಡಿಗೆಯು ಕಣ್ಣಿಗೇ ಕಾಣದು. ಇದು ಅತಿಸಾಮೀಪ್ಯಕ್ಕೆ ವ್ಯಾಖ್ಯಾನಕಾರರು ಕೊಡುವ ನಿದರ್ಶನ. ಹಗಲಿನಲ್ಲಿ ಸೂರ್ಯನ ತೇಜಸ್ಸಿನಿಂದ ನಕ್ಷತ್ರಗಳು ಕಾಣದೆ ಹೋಗುವದು ಅಭಿಭವಕ್ಕೆ ನಿದರ್ಶನ. ಚೀಲದಲ್ಲಿ ಈ ಎರಡೂ ಒಟ್ಟಿಗೆ ನಡೆಯುವವು. ಹಾಡುವವನ ಸೊಂಟದಲ್ಲಿರುವ ಟ್ರಾನ್ಸ್‌ಮಿಟರು ೨೦ ಮೀಟರು ದೂರವಿದೆಯೆಂದೂ, ಕ್ಯಾಮರಾಕ್ಕೆ ಕಳಿಸುವ ಟ್ರಾನ್ಸ್‌ಮಿಟರು ರಿಸೀವರಿನ ಆಂಟೆನಾದಿಂದ ೨೦ ಸೆಂಟಿಮೀಟರು, ಎಂದರೆ ಒಂದು ಗೇಣು ಅಂತರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. ಎರಡರ ಶಕ್ತಿಯೂ ಸಮಾನವೆಂದೂ ಇರಲಿ. ಅಲೆಯ ಬಲವು ದೂರದ ವರ್ಗದ ಪ್ರಮಾಣದಲ್ಲಿ ಕುಂದುವದು. ದೂರವು ನೂರರಷ್ಟು ಕಡಿಮೆಯಾದರೆ ಬಲವು ಹತ್ತು ಸಾವಿರದಷ್ಟು ಹೆಚ್ಚುವದು. ಅತಿ ಸಮೀಪದಲ್ಲಿ ಈ ಲೆಕ್ಕವು ಅಕ್ಷರಶಃ ನಿಲ್ಲದಾದರೂ ಸ್ಥೂಲವಾಗಿ ಸರಿಯಾಗಿದೆ. ಹಾಡಿನ ಅಲೆಗಿಂತ ಹತ್ತು ಸಾವಿರ ಪಟ್ಟು ಬಲವಾದ ಅಲೆಯು ಪಕ್ಕದಲ್ಲಿ ಮೊರೆಯುತ್ತಿರುವಾಗ ರಿಸೀವರು, ತನ್ನ ಕಂಪನಾಂಕವು ಬೇರೆಯಾಗಿದ್ದರೂ, ಕಿವುಡಾಗುವದು. ಅದರ ಮುಂಬಾಗಿಲಲ್ಲಿಯೇ ಗದ್ದಲವಾದುದರಿಂದ ಒಳಗಿನ ಜರಡಿಯು ಕೆಲಸ ಮಾಡಲಾರದು.

ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯನ್ನು ಹತ್ತಿದವರಿಗೆ ಈ ಸ್ಥಿತಿಯು ಬೇಗನೆ ಮನದಟ್ಟಾಗುವದು. ಸುಮಾರು ೪೪ ಮೀಟರು ಹೊರವ್ಯಾಸವುಳ್ಳ ಆ ಗುಮ್ಮಟದ ಕೆಳಗೆ ಒಬ್ಬನು ಗೋಡೆಗೆ ಪಿಸುಗುಟ್ಟಿದರೆ ಎದುರು ಬದಿಯವನಿಗೆ ಕೇಳಿಸುವದು. ಆದರೆ ಶಾಲೆಯ ಮಕ್ಕಳ ತಂಡವೊಂದು ಹತ್ತಿರದಲ್ಲಿ ಕೂಗಲಾರಂಭಿಸಿದರೆ ಆ ಪಿಸುಮಾತು ಎಲ್ಲಿಯೂ ಹೋಗಿರುವದಿಲ್ಲ, ಆದರೆ ಇಲ್ಲದಂತೆ ಆಗುವದು. ಮಕ್ಕಳನ್ನು ಕೆಳಗಿಳಿಸಿದರೆ ಅದು ಮರಳಿ ಕೇಳಿಸುವದು.

ಪರಿಹಾರಗಳು ಇವು. ಮೊದಲನೆಯದು, ಕಳಿಸುವ ಟ್ರಾನ್ಸ್‌ಮಿಟರನ್ನು ಚೀಲದಿಂದ ಹೊರಗೆ ತೆಗೆದು ಸೊಂಟಪಟ್ಟಿಯ ಇನ್ನೊಂದು ಬದಿಗೆ ಅಥವಾ ಬೆನ್ನಿಗೆ ಕಟ್ಟುವದು. ಒಂದು ಗೇಣಿನಿಂದ ಮೂರು ಗೇಣಿಗೆ ಸರಿಸಿದರೆ ಅದರ ಬಾಧೆಯು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುವದು. ನಡುವೆ ಶರೀರವು ಬಂದರೆ ಇನ್ನೂ ಕುಂದುವದು. ಇಲ್ಲಿ ವ್ಯವಧಾನವೇ ಉಪಕಾರಿಯಾಗಿದೆ. ಎರಡನೆಯದು, ಅದರ ಶಕ್ತಿಯನ್ನು ತಗ್ಗಿಸುವದು. ಕ್ಯಾಮರಾ ಹತ್ತು ಹೆಜ್ಜೆ ದೂರವಿರುವಾಗ ೧೦೦ ಮಿಲಿವಾಟ್ ಬೇಕಿಲ್ಲ. ೨೫ ಮಿಲಿವಾಟ್ ಸಾಕಾದಲ್ಲಿ ಬಾಧೆಯು ಕಾಲುಭಾಗಕ್ಕೆ ಬರುವದು. ಸರಿಸುವದರಿಂದ ಒಂಬತ್ತು ಪಟ್ಟು, ತಗ್ಗಿಸುವದರಿಂದ ನಾಲ್ಕು ಪಟ್ಟು ಎಂಬುದನ್ನು ಗಮನಿಸತಕ್ಕದ್ದು. ಮೂರನೆಯದು, ಕಳಿಸುವ ಮತ್ತು ಹಿಡಿಯುವ ಕಂಪನಾಂಕಗಳ ನಡುವೆ ಹಲವು ಹತ್ತು ಮೆಗಾಹರ್ಟ್ಸುಗಳ ಬಯಲನ್ನು ಬಿಡುವದು. ಆಗ ರಿಸೀವರಿನ ಮುಂದೆ ಹಾಕುವ ಫಿಲ್ಟರು ಬೇಡವಾದುದನ್ನು ತಡೆಯಲು ಸಮರ್ಥವಾಗುವದು. ನಾಲ್ಕನೆಯದು, ಆಂಟೆನಾಗಳನ್ನು ಚೀಲದೊಳಗೆ ಮಡಿಚಿ ತುರುಕದೆ, ಒಂದನ್ನೊಂದು ತಾಗದಂತೆ, ಚೀಲದ ಎರಡು ಅಂಚುಗಳಲ್ಲಿ ಮೇಲೆದ್ದಿರುವಂತೆ ನಿಲ್ಲಿಸುವದು. ಕಳಿಸುವ ಆಂಟೆನಾ ಅಡ್ಡವಾಗಿಯೂ ಹಿಡಿಯುವವು ನೆಟ್ಟಗಾಗಿಯೂ ಇದ್ದರೆ ಪರಸ್ಪರ ಬಾಧೆಯು ಇನ್ನಷ್ಟು ತಗ್ಗುವದು.

ಟ್ರಾನ್ಸ್‌ಮಿಟರಲ್ಲದ ವಸ್ತುಗಳೂ ಅಲೆಗಳನ್ನು ಚೆಲ್ಲುವವು. ಬ್ಯಾಟರಿಯ ಒತ್ತಡವನ್ನು ಏರಿಳಿಸುವ ಮಂಡಲಗಳು, ಯುಎಸ್‌ಬಿ ತಂತಿಗಳು, ರೆಕಾರ್ಡರಿನ ಪರದೆ ಇವು ತಮ್ಮ ಕೆಲಸದ ಹೊಲಸನ್ನು ಸುತ್ತಲೂ ಎರಚುವವು. ತಂತಿಗಳನ್ನು ಗಿಡ್ಡವಾಗಿಡುವದು, ಆಂಟೆನಾದ ಬದಿಗೆ ಒಯ್ಯದಿರುವದು, ವಿದ್ಯುತ್ತಿನ ತಂತಿಗೆ ಫೆರೈಟ್ ಮಣಿಯನ್ನು ಸಿಕ್ಕಿಸುವದು ಇವು ಅಲ್ಪವ್ಯಯದ ಉಪಾಯಗಳು. ಮೊಬೈಲನ್ನು ಏರೋಪ್ಲೇನ್ ಸ್ಥಿತಿಯಲ್ಲಿಟ್ಟು, ಅದರ ವೈಫೈ ಮತ್ತು ಬ್ಲೂಟೂತುಗಳೂ ಆರಿವೆಯೆಂದು ನೋಡಿಕೊಳ್ಳುವದು ಎಲ್ಲಕ್ಕಿಂತ ಸುಲಭವು. ಜನರು ಮರೆಯುವದೂ ಇದನ್ನೇ.

೫. ಸಮಾನಾಭಿಹಾರ

ಕೆರೆಯಲ್ಲಿ ಬಿದ್ದ ಮಳೆಯ ಹನಿಯನ್ನು ಬೇರ್ಪಡಿಸಿ ಕಾಣಲಾಗದು. ಅದು ತನ್ನಂಥದೇ ನೀರಿನಲ್ಲಿ ಬೆರೆತುಹೋಗಿದೆ. ಇದು ಸಮಾನಾಭಿಹಾರವು. ಎರಡು ಟ್ರಾನ್ಸ್‌ಮಿಟರುಗಳಿಗೆ ಒಂದೇ ಕಂಪನಾಂಕವನ್ನು ಕೊಡಬಾರದೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಬೇರೆ ಬೇರೆ ಅಂಕಗಳನ್ನು ಕೊಟ್ಟ ಮೇಲೂ ಈ ದೋಷವು ಬರಬಹುದೆಂಬುದು ಅಷ್ಟಾಗಿ ತಿಳಿದಿಲ್ಲ.

ಎರಡು ಬಲವಾದ ಅಲೆಗಳು ಒಂದೇ ಯಂತ್ರದಲ್ಲಿ ಕೂಡಿದಾಗ, ಅಲ್ಲಿ ಇಲ್ಲದ ಮೂರನೆಯ ಅಲೆಯೊಂದು ಹುಟ್ಟುವದು. ಒಂದರ ಕಂಪನಾಂಕವನ್ನು ಇಮ್ಮಡಿಸಿ ಇನ್ನೊಂದರದನ್ನು ಕಳೆದರೆ ಆ ಹೊಸ ಅಲೆಯ ಕಂಪನಾಂಕವು ಬರುವದು. ಮೂರು ಅಲೆಗಳಿದ್ದಲ್ಲಿ, ಎರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ ಬರುವ ಅಂಕದಲ್ಲಿಯೂ ಅಂಥ ಸಂಕರಸಂತಾನವು ಹುಟ್ಟುವದು. ಉದಾಹರಣೆಗೆ, ಮೂವರು ಹಾಡುವವರಿಗೆ ೫೧೦, ೫೧೧, ೫೧೨ ಎಂಬ ಅಂಕಗಳನ್ನು ಕೊಟ್ಟೆವೆಂದು ಇಟ್ಟುಕೊಳ್ಳಿರಿ. ನೋಡಲು ಬಹಳ ಅಂದವಾದ ಕ್ರಮವಿದು. ೫೧೧ನ್ನು ಇಮ್ಮಡಿಸಿ ೫೧೦ನ್ನು ಕಳೆದರೆ ೫೧೨. ೫೧೧ನ್ನು ಇಮ್ಮಡಿಸಿ ೫೧೨ನ್ನು ಕಳೆದರೆ ೫೧೦. ೫೧೦ ಮತ್ತು ೫೧೨ನ್ನು ಕೂಡಿಸಿ ೫೧೧ನ್ನು ಕಳೆದರೆ ೫೧೧. ಹೀಗೆ ಮೂವರ ಮೇಲೂ ಒಂದೊಂದು ಭೂತವು ಬಂದು ಕೂಡುವದು. ಸಮಾನ ಅಂತರವೇ ಇಲ್ಲಿ ಅನರ್ಥಕ್ಕೆ ಮೂಲವು.

ಅದನ್ನೇ ೫೧೦, ೫೧೧, ೫೧೩ ಎಂದು ಬದಲಿಸಿದರೆ, ಹುಟ್ಟುವ ಅಂಕಗಳು ೫೦೭, ೫೦೮, ೫೦೯, ೫೧೨, ೫೧೪, ೫೧೫, ೫೧೬ ಆಗುವವು. ಹಾಡುವವರ ಅಂಕಗಳ ಮೇಲೆ ಒಂದೂ ಬೀಳದು. ಇದರ ಸೂತ್ರವು ಸರಳವಾಗಿದೆ: ಯಾವ ಎರಡು ಜೋಡಿಗಳ ನಡುವಣ ಅಂತರವೂ ಸಮಾನವಾಗಿರಕೂಡದು. ಮೂರು ಅಂಕಗಳಲ್ಲಿ ಅಂತರಗಳು ೧, ೨, ೩ ಆದವು. ನಾಲ್ವರಿದ್ದರೆ ೫೧೦, ೫೧೧, ೫೧೪, ೫೧೬ ಎಂದು ಕೊಡಬಹುದು. ಇಲ್ಲಿ ಅಂತರಗಳು ೧ರಿಂದ ೬ರ ವರೆಗೆ ಪ್ರತಿಯೊಂದೂ ಒಂದೊಂದೇ ಸಾರೆ ಬರುವವು. ಛಂದಶ್ಶಾಸ್ತ್ರದ ಪ್ರಸ್ತಾರವನ್ನು ಕಲಿತವರಿಗೆ ಈ ಗಣಿತವು ಕಠಿಣವೆನಿಸದು. ಮೇಲಿನ ಅಂಕಗಳು ರೀತಿಯನ್ನು ತೋರಿಸಲು ಕೊಟ್ಟವು. ನಿಜವಾಗಿ ಬಳಸತಕ್ಕವು ಯಂತ್ರದ ಪಟ್ಟಿಯನ್ನೂ ಸರಕಾರದ ಅನುಮತಿಯನ್ನೂ ಅನುಸರಿಸಿರಬೇಕು.

ಈ ಸಂಕರವು ರಿಸೀವರಿನಲ್ಲಿ ಮಾತ್ರವಲ್ಲದೆ ಟ್ರಾನ್ಸ್‌ಮಿಟರುಗಳಲ್ಲಿಯೂ ಹುಟ್ಟುವದು. ಗೀಗೀ ಮೇಳದಲ್ಲಿ ಮುಮ್ಮೇಳದವನ ಹಿಂದೆ ಹಿಮ್ಮೇಳದವರು ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವರು. ಇಬ್ಬರ ಸೊಂಟದ ಯಂತ್ರಗಳು ಎದುರುಬದುರಾದರೆ ಒಂದರ ಅಲೆಯು ಇನ್ನೊಂದರಲ್ಲಿ ಹೊಕ್ಕು ಮೂರನೆಯದನ್ನು ಹಡೆಯುವದು. ಆದುದರಿಂದ ಬಲಗಡೆಯವನಿಗೆ ಬಲಸೊಂಟದಲ್ಲಿಯೂ ಎಡಗಡೆಯವನಿಗೆ ಎಡಸೊಂಟದಲ್ಲಿಯೂ ಕಟ್ಟುವದು ಒಳ್ಳೆಯದು. ಶಕ್ತಿಯನ್ನು ತಗ್ಗಿಸುವದು ಇಲ್ಲಿ ವಿಶೇಷ ಫಲಕಾರಿಯು: ಎರಡೂ ಅಲೆಗಳ ಬಲವು ಅರ್ಧಕ್ಕಿಳಿದರೆ ಅವುಗಳ ಸಂಕರದ ಬಲವು ಎಂಟರಲ್ಲಿ ಒಂದಕ್ಕೆ ಇಳಿಯುವದು. ಹೆಚ್ಚು ಶಕ್ತಿಯಿಂದ ಹೆಚ್ಚು ಕ್ಷೇಮವೆಂಬ ಎಣಿಕೆಯು ಈ ಸ್ಥಳದಲ್ಲಿ ತಲೆಕೆಳಗಾಗುವದು.

೬. ದೇಶಭೇದದಿಂದ ದೋಷಭೇದ

ಒಂದೇ ಚೀಲವು ಒಂದೂರಿನಲ್ಲಿ ಶುದ್ಧವಾಗಿಯೂ ಇನ್ನೊಂದೂರಿನಲ್ಲಿ ಅಶುದ್ಧವಾಗಿಯೂ ನುಡಿಯುವದು. ವಿಜಯಪುರ ನಗರದಲ್ಲಿ ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಂಥ ಜನಸಂದಣಿಯಲ್ಲಿ ಬಾಧೆಯು ಹೊರಗಿನದು: ಸಾವಿರಾರು ಮೊಬೈಲುಗಳು, ಮಂಟಪಗಳ ಕಾರ್ಡ್‌ಲೆಸ್ ಮೈಕುಗಳು. ೨೦೨೨ರ ಹರಾಜಿನಲ್ಲಿ ೭೦೦ ಮೆಗಾಹರ್ಟ್ಸಿನ ಪಟ್ಟಿಯು ಮೊಬೈಲಿನ ವಶವಾಯಿತು. ಇದರಲ್ಲಿ ೭೦೩ರಿಂದ ೭೪೮ರ ವರೆಗಿನ ಪಟ್ಟಿಯು ಮೊಬೈಲಿನಿಂದ ಗೋಪುರಕ್ಕೂ, ೭೫೮ರಿಂದ ೮೦೩ರ ವರೆಗಿನದು ಗೋಪುರದಿಂದ ಮೊಬೈಲಿಗೂ ಮೀಸಲಾಗಿದೆ. ಈ ಅಂಕಗಳಲ್ಲಿ ನಡೆಯುವ ಹಳೆಯ ಮೈಕುಗಳನ್ನು ಇನ್ನು ಕೈಬಿಡತಕ್ಕದ್ದು. ಅಗ್ಗವಾಗಿ ದೊರೆಯುವ ೨.೪ ಗಿಗಾಹರ್ಟ್ಸಿನ ಮೈಕುಗಳು ವೈಫೈ, ಬ್ಲೂಟೂತುಗಳ ಸಂಗಡ ಒಂದೇ ಓಣಿಯಲ್ಲಿ ನಡೆಯಬೇಕಾದುದರಿಂದ ಜನಸಂದಣಿಯಲ್ಲಿ ಅವು ಬೇಗನೆ ಸೋಲುವವು.

ನಗರದಿಂದ ಪಶ್ಚಿಮಕ್ಕೆ ಅಥಣಿಯ ಹಾದಿ ಹಿಡಿದರೆ ತೊರವೆಯು ಸಿಗುವದು. ನರಹರಿಯು ಕುಮಾರವಾಲ್ಮೀಕಿಯೆಂದು ಹೆಸರಾಗಿ ರಾಮಾಯಣವನ್ನು ನುಡಿದ ಊರು ಇದು. ಇಲ್ಲಿಯ ಕಾವ್ಯವನ್ನು ಗುಡಿಯಲ್ಲಿ ಕುಳಿತು ಓದಿಸುವಾಗ ದಪ್ಪ ಕಲ್ಲಿನ ಗೋಡೆಗಳು ಹೊರಗಿನ ಅಲೆಗಳನ್ನು ತಡೆಯುವವು. ಆದರೆ ಒಳಗಿನ ಅಲೆಗಳನ್ನು ಪ್ರತಿಫಲಿಸುವವು. ನೇರವಾಗಿ ಬಂದ ಅಲೆಯೂ ಗೋಡೆಗೆ ತಾಗಿ ಬಂದ ಅಲೆಯೂ ಅರ್ಧ ಅಲೆಯ ವ್ಯತ್ಯಾಸದಿಂದ ಕೂಡಿದರೆ ಒಂದನ್ನೊಂದು ಅಳಿಸುವವು. ೫೦೦ ಮೆಗಾಹರ್ಟ್ಸಿನಲ್ಲಿ ಈ ವ್ಯತ್ಯಾಸವು ೩೦ ಸೆಂಟಿಮೀಟರು ಮಾತ್ರ. ಹಾಡುವವನು ಒಂದು ಗೇಣು ವಾಲಿದರೂ ಒಂದು ಅಕ್ಷರವು ನುಂಗಿಹೋಗಬಹುದು. ಒಂದು ರಿಸೀವರಿಗೆ ಎರಡು ಆಂಟೆನಾಗಳನ್ನು ಕೊಟ್ಟು, ಒಂದರಲ್ಲಿ ಅಳಿದುದನ್ನು ಇನ್ನೊಂದರಲ್ಲಿ ಹಿಡಿಯುವ ಡೈವರ್ಸಿಟಿ ಎಂಬ ಏರ್ಪಾಡು ಇದಕ್ಕೆಂದೇ ಇರುವದು. ಆ ಎರಡು ಆಂಟೆನಾಗಳ ನಡುವೆ ಕನಿಷ್ಠಪಕ್ಷ ಒಂದು ಗೇಣು ಅಂತರವಿರಬೇಕು. ಜೋಡಿಸಿ ಕಟ್ಟಿದರೆ ಎರಡೂ ಒಟ್ಟಿಗೇ ಕುರುಡಾಗುವವು.

ತೊರವೆಯನ್ನು ದಾಟಿ ತಿಕೋಟಾದ ಕಡೆಗೆ ಸಾಗಿದರೆ ದ್ರಾಕ್ಷಿಯ ತೋಟಗಳು. ಬಳ್ಳಿಯನ್ನು ಹಬ್ಬಿಸಿದ ಕಬ್ಬಿಣದ ತಂತಿಗಳ ಸಾಲುಗಳೂ ತಗಡಿನ ಶೆಡ್ಡುಗಳೂ ಗುಡಿಯ ಕಲ್ಲಿನಂತೆಯೇ ಪ್ರತಿಫಲನವನ್ನುಂಟುಮಾಡಬಲ್ಲವು. ಕೆಲಸದ ಹಾಡನ್ನು ತೋಟದಲ್ಲಿಯೇ ಮುದ್ರಿಸುವವರು ತಂತಿಸಾಲುಗಳ ಅಡ್ಡಕ್ಕೆ ನಿಲ್ಲದೆ ಸಾಲಿನ ಓಣಿಯಲ್ಲಿ, ಹಾಡುವವರು ಕಣ್ಣಿಗೆ ಕಾಣುವಂತೆ ನಿಲ್ಲತಕ್ಕದ್ದು. ಬಬಲೇಶ್ವರದ ಕಡೆಯ ಬಯಲು ಹಳ್ಳಿಗಳಲ್ಲಿ ಹೊರಗಿನ ಗದ್ದಲವು ಕಡಿಮೆ, ಪ್ರತಿಫಲನವೂ ಕಡಿಮೆ. ಅಲ್ಲಿಯೂ ಬಾಧೆಯು ಕಂಡುಬಂದರೆ ಅದು ಬಹುತರ ನಮ್ಮದೇ ಎಂದು ತಿಳಿಯಬೇಕು.

೭. ಅನ್ವಯವ್ಯತಿರೇಕದಿಂದ ಪರೀಕ್ಷೆ

ನಮ್ಮ ಗೀಗೀ ಹಾಡು ಕೆಟ್ಟುದು ಅಂಥ ಬಯಲಿನಲ್ಲಿಯೇ. ಮೊದಲು ಹಾಡುವವನ ಬ್ಯಾಟರಿಯನ್ನು ದೂಷಿಸಿದೆವು. ಆಮೇಲೆ ಊರ ಹೊರಗಿನ ಮೊಬೈಲು ಗೋಪುರವನ್ನು ದೂಷಿಸಿದೆವು. ಕಾರಣವನ್ನು ನಿರ್ಣಯಿಸಲು ತರ್ಕದ ಹಳೆಯ ಉಪಾಯವೇ ಕೊನೆಗೆ ನೆರವಾಯಿತು. ಯಾವದು ಇದ್ದರೆ ದೋಷವಿರುವದೋ ಅದು ಅನ್ವಯ. ಯಾವದು ಇಲ್ಲದಿದ್ದರೆ ದೋಷವಿಲ್ಲವೋ ಅದು ವ್ಯತಿರೇಕ. ಚೀಲದ ವಸ್ತುಗಳನ್ನು ಒಂದೊಂದಾಗಿ ಆರಿಸುತ್ತ ಬಂದೆವು. ಕ್ಯಾಮರಾಕ್ಕೆ ಕಳಿಸುವ ಟ್ರಾನ್ಸ್‌ಮಿಟರನ್ನು ಆರಿಸಿದಾಗ ಸದ್ದು ನಿಂತಿತು, ಹಚ್ಚಿದಾಗ ಮರಳಿತು. ಆದರೆ ಅದು ಹಚ್ಚಿದ್ದಾಗಲೂ ಎಲ್ಲ ಹೊತ್ತಿನಲ್ಲಿ ಸದ್ದಿರಲಿಲ್ಲ; ಚೀಲ ಹೊತ್ತವನು ಹಾಡುವವರಿಗೆ ಬೆನ್ನು ತಿರುಗಿಸಿದಾಗ ಮಾತ್ರ ಇರುತ್ತಿತ್ತು. ಅವನ ಶರೀರದ ವ್ಯವಧಾನದಿಂದ ಹಾಡಿನ ಅಲೆಯು ಕುಗ್ಗಿ, ಪಕ್ಕದ ಅಲೆಯ ಅಭಿಭವವು ಗೆದ್ದಿತ್ತು. ಎರಡು ಕಾರಣಗಳು ಕೂಡಿದಾಗ ಮಾತ್ರ ಕಾರ್ಯವು ಆಗುತ್ತಿದ್ದುದರಿಂದ ಒಂದನ್ನೇ ಹುಡುಕಿದವರಿಗೆ ಅದು ಸಿಕ್ಕಿರಲಿಲ್ಲ.

ಈ ಪರೀಕ್ಷೆಯನ್ನು ಹಾಡಿನ ನಂತರವಲ್ಲ, ಮೊದಲೇ ಮಾಡತಕ್ಕದ್ದು. ಕ್ರಮವು ಹೀಗಿರಲಿ. (೧) ಸ್ಥಳಕ್ಕೆ ಹೋದೊಡನೆ ನಮ್ಮ ಎಲ್ಲ ಟ್ರಾನ್ಸ್‌ಮಿಟರುಗಳನ್ನೂ ಆರಿಸಿ, ರಿಸೀವರುಗಳಿಂದ ಸ್ಥಳದ ಅಲೆಗಳನ್ನು ಶೋಧಿಸಿ, ಖಾಲಿಯಿರುವ ಅಂಕಗಳನ್ನು ಗುರುತುಮಾಡುವದು. (೨) ಅವುಗಳೊಳಗಿಂದ ಅಂತರಗಳು ಪುನರುಕ್ತವಾಗದಂತೆ ಅಂಕಗಳನ್ನು ಆರಿಸುವದು. (೩) ಚೀಲದ ಕಳಿಸುವ ಟ್ರಾನ್ಸ್‌ಮಿಟರನ್ನು ಮಾತ್ರ ಹಚ್ಚಿ, ಮೈಕುಗಳು ಆರಿರುವಾಗ ರಿಸೀವರುಗಳ ಮಾಪಕವು ಏರುವದೇ ಎಂದು ನೋಡುವದು. ಹಾಡುವವರಿಲ್ಲದೆ ಮಾಪಕವು ಏರಿದರೆ ಅದು ಬಾಧೆಯ ಗುರುತು. (೪) ಮೈಕುಗಳನ್ನು ಒಂದೊಂದಾಗಿ ಹಚ್ಚುತ್ತ, ಪ್ರತಿಸಾರೆ ಉಳಿದವುಗಳನ್ನು ಪರೀಕ್ಷಿಸುವದು. (೫) ಎಲ್ಲವೂ ಹಚ್ಚಿದ್ದಾಗ ಒಂದೊಂದು ಮೈಕನ್ನೇ ಆರಿಸಿ, ಅದರ ರಿಸೀವರಿನಲ್ಲಿ ಏನಾದರೂ ಕೇಳುವದೇ ಎಂದು ಆಲಿಸುವದು. (೬) ಒಬ್ಬನು ಮೈಕು ಕಟ್ಟಿಕೊಂಡು, ಹಾಡುವವರು ನಡೆಯುವಷ್ಟು ದೂರ ನಡೆದು, ಬೆನ್ನು ತಿರುಗಿಸಿ, ಎಡೆಬಿಡದೆ ಮಾತನಾಡುವದು. ಚೀಲ ಹೊತ್ತವನೂ ಒಂದು ಸುತ್ತು ತಿರುಗುವದು. ಇದಕ್ಕೆಲ್ಲ ಅರ್ಧ ತಾಸು ಸಾಕು. ಈ ಅರ್ಧ ತಾಸು ನಮ್ಮಲ್ಲಿ ಇರಲಿಲ್ಲವಾದುದರಿಂದ ಹೊಲವೋ ಹೊಳೆಯೋ ಎಂಬ ಸಂದೇಹವು ಉಳಿದಿದೆ.

೮. ಆಕ್ಷೇಪ ಮತ್ತು ಸಮಾಧಾನ

ಇಷ್ಟೊಂದು ತೊಡಕೇಕೆ, ತಂತಿಯ ಮೈಕನ್ನೇ ಬಳಸಬಾರದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಸಮಂಜಸವಾಗಿದೆ. ಬೀಸುವ ಪದ, ಕಾವ್ಯವಾಚನ, ಕುಳಿತು ಹೇಳುವ ಕಥೆ ಇವುಗಳಿಗೆ ತಂತಿಯ ಮೈಕೇ ಶ್ರೇಷ್ಠವು. ಆದರೆ ಡೊಳ್ಳಿನವರು ಕುಣಿಯುವರು. ಮೊಹರಮ್ಮಿನ ಪದಕಾರರು ಮೆರವಣಿಗೆಯಲ್ಲಿ ನಡೆಯುವರು. ಶ್ರೀಕೃಷ್ಣಪಾರಿಜಾತದ ಪಾತ್ರಧಾರಿಗಳು ಅಟ್ಟದ ಮೇಲೆ ಸುತ್ತಾಡುವರು. ಇವರನ್ನು ತಂತಿಯಿಂದ ಕಟ್ಟಿಹಾಕಿದರೆ ಪಾಠವು ಉಳಿದೀತು, ಪ್ರಯೋಗವು ಸಾಯುವದು. ಅಂಥಲ್ಲಿಯೂ ತಂತಿಯ ಮೈಕೊಂದನ್ನು ಬದಿಗೆ ಇಟ್ಟಿರುವದು ಯುಕ್ತವು. ಅದರ ಧ್ವನಿಯು ದೂರದ್ದಾದರೂ ಲೋಪವಾದ ಅಕ್ಷರಕ್ಕೆ ಅದು ಎರಡನೆಯ ಪ್ರತಿಯಂತೆ ಒದಗುವದು. ಏಕೈಕ ಪ್ರತಿಯಿಂದ ಗ್ರಂಥವನ್ನು ಸಂಪಾದಿಸುವ ಕಷ್ಟವನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಿಲ್ಲ.

ಅಂಕೀಯ ನಿಸ್ತಂತುಗಳಲ್ಲಿ ಸದ್ದೇ ಇರುವದಿಲ್ಲ, ಆದುದರಿಂದ ಅವು ನಿರ್ದೋಷವಾದವು ಎಂಬುದು ಎರಡನೆಯ ಆಕ್ಷೇಪ. ಇದು ಭ್ರಮೆಯು. ಹಳೆಯ ಬಗೆಯ ಯಂತ್ರದಲ್ಲಿ ಬಾಧೆಯು ಚರಚರ ಎಂದು ತನ್ನನ್ನು ತಾನೇ ಸಾರುವದು. ಅಂಕೀಯ ಯಂತ್ರದಲ್ಲಿ ಅದು ಮೌನವಾಗಿ ಅಕ್ಷರವನ್ನು ತೆಗೆದುಹಾಕುವದು. ಹಾಡುವವನೇ ಅಲ್ಲಿ ಉಸಿರು ತೆಗೆದುಕೊಂಡನೆಂದು ಕೇಳುವವನು ತಿಳಿಯುವನು. ಹುಳು ತಿಂದ ರಂಧ್ರವು ಕಾಣುವ ಓಲೆಗಿಂತ, ರಂಧ್ರವನ್ನು ಮುಚ್ಚಿ ನಕಲು ಮಾಡಿದ ಪ್ರತಿಯು ಹೆಚ್ಚು ಅಪಾಯಕರವೆಂಬುದನ್ನು ಸಂಪಾದಕರೆಲ್ಲರೂ ಬಲ್ಲರು. ಈಚೆಗೆ ಲೋಪವಾದ ಧ್ವನಿಯನ್ನು ತಾನಾಗಿಯೇ ತುಂಬಿಕೊಡುವ ಗಣಕಯಂತ್ರದ ಉಪಾಯಗಳೂ ಬಂದಿವೆ. ಅವು ತುಂಬುವದು ಹಾಡಿದ ಅಕ್ಷರವನ್ನಲ್ಲ, ಹಾಡಿರಬಹುದಾದ ಅಕ್ಷರವನ್ನು. ಅದು ಊಹಾಪಾಠವು, ಊಹಾಪಾಠಕ್ಕೆ ಕೊಡುವ ಸ್ಥಾನಕ್ಕಿಂತ ಹೆಚ್ಚಿನದು ಅದಕ್ಕೆ ಸಲ್ಲದು. ಮೂಲ ಧ್ವನಿಯನ್ನು ತಿದ್ದದೆ ಹಾಗೆಯೇ ಕಾಪಾಡುವದೂ, ಬರೆಹದಲ್ಲಿ ಲೋಪಸ್ಥಾನವನ್ನು ಗುರುತಿಸಿ ಕಾರಣವನ್ನು ನಮೂದಿಸುವದೂ ಸಂಗ್ರಾಹಕನ ಕರ್ತವ್ಯವು.

ನಮ್ಮ ಗೀಗೀ ಹಾಡಿನ ಬರೆಹದಲ್ಲಿ ಆ ಸ್ಥಳವನ್ನು 'ಹೊ' ಎಂದು ಬರೆದು, ಮುಂದಿನ ಅಕ್ಷರವನ್ನು ಖಾಲಿ ಬಿಟ್ಟಿದ್ದೇನೆ. ಹೊಲವೆಂದೋ ಹೊಳೆಯೆಂದೋ ತುಂಬಿದರೆ ಓದುವವರಿಗೆ ಅನುಕೂಲವಾಗುತ್ತಿತ್ತು. ಆದರೆ ಅದು ನಾನು ಹಾಡಿದ ಹಾಡಾಗುತ್ತಿತ್ತು. ಮುಂದೆ ಕ್ಷೇತ್ರಕ್ಕೆ ಹೋಗುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಚೀಲವನ್ನು ಹೆಗಲಿಗೇರಿಸುವ ಮೊದಲು ಅದರೊಳಗಿನ ಗದ್ದಲವನ್ನು ಶಮನಗೊಳಿಸಿದರೆ ಇಂಥ ಖಾಲಿ ಸ್ಥಳಗಳು ಕಡಿಮೆಯಾಗುವವು.